ಭೂಮಿಯ ಆರೋಗ್ಯ: ಬೂಷ್ಟು ಮತ್ತು ಬ್ಯಾಕ್ಟೀರಿಯಗಳ ಪ್ರಮಾಣವನ್ನು ಕುರಿತು

(ಒಬ್ಬ ವ್ಯವಸಾಯ ಇನ್ಸ್‌ಪೆಕ್ಟರು, ಎಲ್. ಎಜಿ.)

ಭೂಮಿಯ ಸತ್ವವನ್ನು ಅಳೆಯುವುದಕ್ಕೆ ಈಚೆಗೆ ಹೊಸದೊಂದು ಮಾನದಂಡವು ಪ್ರಚಾರಕ್ಕೆ ಬಂದಿರುವುದು. ಮಣ್ಣಿನಲ್ಲಿ ವಾಸಮಾಡುವ ಶಿಲೀಂಧ್ರಗಳಿಗೂ, ಅಂದರೆ ಬೂಷ್ಟು ಮತ್ತು ಅಣಬೆಯ ಜಾತಿಗೆ ಸೇರಿದ ಜೀವಿಗಳಿಗೂ, ಬ್ಯಾಕ್ಟೀರಿಯಗಳಿಗೂ ಇರುವ ಪರಸ್ಪರ ಪ್ರಮಾಣವೇ ಆ ಮಾನದಂಡ. ಶಿಲೀಂಧ್ರಗಳು ಹೆಚ್ಚಾಗಿದ್ದರೆ ಭೂಮಿಯು ಆರೋಗ್ಯವಾಗಿರುವುದೆಂದೂ, ಬ್ಯಾಕ್ಟೀರಿಯಗಳು ಹೆಚ್ಚಾಗಿದ್ದರೆ ಭೂಮಿಯು ಬಳಲಿರುವುದೆಂದೂ ಕೆಲವರು ಒಂದೇ ಮಾತಿನಲ್ಲಿ ಹೇಳಿಬಿಡುವರು. ಈ ಮಾತನ್ನು ಹಿಡಿದುಕೊಂಡು ಮಣ್ಣನ್ನು ಪರೀಕ್ಷಿಸಿಕೊಡುವೆವೆನ್ನುವವರೂ, ಪ್ರಮಾಣವನ್ನು ಸರಿಪಡಿಸುವ ಪುಡಿಗಳನ್ನೂ ದ್ರಾವಣಗಳನ್ನೂ ಮಾರುವವರೂ ಹಳ್ಳಿಗಳಿಗೆ ಬರತೊಡಗಿದ್ದಾರೆ. ಅಂಥವರು ಊರಿನಲ್ಲಿ ಮೊದಲು ಕಾಣುವುದು ಮುಖ್ಯಸ್ಥರನ್ನೂ ಹೆಚ್ಚು ಜಮೀನುಳ್ಳವರನ್ನೂ ಆದುದರಿಂದಲೂ, ಇವರು ಮಾಡಿದ್ದನ್ನು ನೋಡಿ ಉಳಿದ ರೈತರು ನಡೆಯುವುದು ವಾಡಿಕೆಯಾದುದರಿಂದಲೂ, ಈ ವಿಷಯದಲ್ಲಿ ನನಗೆ ಸರಿಯೆಂದು ತೋರಿದ ಅಭಿಪ್ರಾಯವನ್ನು ಈ ಪತ್ರಿಕೆಯ ವಾಚಕರ ಮುಂದೆ ಇಡಲು ಇಚ್ಛಿಸುತ್ತೇನೆ.

ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಈ ಪ್ರಮಾಣವು ಸುಳ್ಳಲ್ಲ. ಅದರಿಂದ ತಿಳಿಯತಕ್ಕದ್ದು ಬಹಳವಿದೆ. ಆದರೆ ರೋಗಿಗೆ ನಾಡಿಯಿದ್ದಂತೆ ಅದು ಭೂಮಿಗೆ ಒಂದು ಲಕ್ಷಣವೇ ಹೊರತು ಔಷಧವಲ್ಲ. ರೋಗವನ್ನು ವಿಚಾರಿಸದೆ ನಾಡಿಯನ್ನು ಮಾತ್ರ ಸರಿಪಡಿಸಿಕೊಡುತ್ತೇನೆಂದು ಹಣ ಕೇಳುವ ವೈದ್ಯನನ್ನು ಯಾರೂ ನಂಬರು. ಭೂಮಿಯ ವಿಷಯದಲ್ಲಿಯೂ ಅಷ್ಟೇ ಎಚ್ಚರವಿರುವುದು ಯುಕ್ತ.

೧. ಈ ಎರಡು ಬಗೆಯ ಜೀವಿಗಳು

ಬ್ಯಾಕ್ಟೀರಿಯಗಳು ಒಂದೇ ಕೋಶದಿಂದಾದ ಜೀವಿಗಳು. ಒಂದೊಂದರ ಅಳತೆಯು ಹೆಚ್ಚು ಕಡಮೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹದವಾದ ಒಂದು ಗ್ರಾಂ ಮಣ್ಣಿನಲ್ಲಿ ಇವು ಹತ್ತು ಕೋಟಿಯಿಂದ ನೂರು ಕೋಟಿಯವರೆಗೂ ಇರುವುದುಂಟು. ಮೆತ್ತಗಿರುವ, ಹಸುರಾಗಿರುವ, ಸಾರಜನಕವು ಹೆಚ್ಚಾಗಿರುವ ಪದಾರ್ಥಗಳು ಇವುಗಳಿಗೆ ಪ್ರಿಯವಾದ ಆಹಾರ. ಹೊಂಗೆಯ ಸೊಪ್ಪು, ಅಪ್ಸೆಣಬಿನ ಹಸುರುಗೊಬ್ಬರ, ಹಸಿ ಸಗಣಿ, ಬೇರುಗಳಿಂದ ಒಸರುವ ಸಕ್ಕರೆಯ ರಸ ಮೊದಲಾದುವು. ಆಹಾರವೂ ತೇವವೂ ಒದಗಿದೊಡನೆ ಅತಿ ಶೀಘ್ರವಾಗಿ ಹೆಚ್ಚುವುವು; ಮುಗಿದೊಡನೆ ಅಷ್ಟೇ ಬೇಗ ಕುಗ್ಗುವುವು. ತೊಗರಿ, ಅವರೆ, ಹುರುಳಿಗಳ ಬೇರಿನ ಗಂಟುಗಳಲ್ಲಿದ್ದುಕೊಂಡು ಗಾಳಿಯ ಸಾರಜನಕವನ್ನು ಪೈರಿಗೆ ಹಿಡಿದುಕೊಡುವುವೂ, ಅಮೋನಿಯವನ್ನು ನೈಟ್ರೇಟನ್ನಾಗಿ ಮಾರ್ಪಡಿಸುವುವೂ ಈ ಗುಂಪಿಗೆ ಸೇರಿದುವೇ. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗೆ ಬಹುಮಟ್ಟಿಗೆ ಕಾರಣವಾದ ಆಕ್ಟಿನೊಮೈಸೀಟ್‌ಗಳು ನೂಲಿನಂತೆ ಬೆಳೆದರೂ ಬ್ಯಾಕ್ಟೀರಿಯಗಳೇ.

ಶಿಲೀಂಧ್ರಗಳಾದರೋ ಕಣ್ಣಿಗೆ ಕಾಣದಷ್ಟು ಸಣ್ಣ ನೂಲುಗಳಾಗಿ ಮಣ್ಣಿನ ಸಂದುಗಳಲ್ಲೆಲ್ಲಾ ಹರಡಿಕೊಂಡಿರುವುವು. ಒಳ್ಳೆಯ ಮಣ್ಣಿನ ಒಂದು ಗ್ರಾಮಿನಲ್ಲಿರುವ ನೂಲುಗಳನ್ನು ಒಂದಕ್ಕೊಂದು ಜೋಡಿಸಿದರೆ ಹಲವು ಮೀಟರುಗಳಿಂದ ನೂರಾರು ಮೀಟರುಗಳವರೆಗೆ ಉದ್ದವಾಗುವುದು. ಒಣಹುಲ್ಲು, ಕೂಳೆ, ಕಡ್ಡಿ, ತೊಗಟೆ, ತರಗೆಲೆ ಮುಂತಾದ ಗಡುಸಾದ ಪದಾರ್ಥಗಳನ್ನು ಕರಗಿಸುವ ಕೆಲಸವು ಮುಖ್ಯವಾಗಿ ಇವುಗಳದು. ತಮ್ಮ ಶರೀರವನ್ನು ಕಟ್ಟಿಕೊಳ್ಳುವುದಕ್ಕೆ ಬ್ಯಾಕ್ಟೀರಿಯಗಳಿಗೆ ಸುಮಾರು ೫ ಭಾಗ ಇಂಗಾಲಕ್ಕೆ ೧ ಭಾಗ ಸಾರಜನಕವು ಬೇಕಾದರೆ, ಶಿಲೀಂಧ್ರಗಳಿಗೆ ಸುಮಾರು ೧೦ ಭಾಗ ಇಂಗಾಲಕ್ಕೆ ೧ ಭಾಗವು ಸಾಕಾಗುವುದು. ಬಡವಾದ ಆಹಾರದಲ್ಲಿಯೂ ಇವು ಬಾಳಬಲ್ಲುವೆಂಬುದಕ್ಕೆ ಇದೇ ಕಾರಣ. ಇವುಗಳ ನೂಲುಗಳು ಮಣ್ಣಿನ ಕಣಗಳನ್ನು ಹೆಣೆದು ಹರಳುಗಟ್ಟಿಸುವುದರಿಂದ ಮಳೆಯ ನೀರು ಹರಿದುಹೋಗದೆ ಒಳಕ್ಕೆ ಇಳಿಯುವುದು.

ಇವಲ್ಲದೆ ಬೇರುಗಳೊಡನೆ ಕೂಡಿ ಬಾಳುವ ಶಿಲೀಂಧ್ರಗಳೂ ಇವೆ. ಜರ್ಮನಿಯ ಫ್ರಾಂಕ್ ಎಂಬ ವಿದ್ವಾಂಸರು ೧೮೮೫ ರಲ್ಲಿ ಈ ಸಹವಾಸಕ್ಕೆ ‘ಮೈಕೊರೈಜ’ ಎಂಬ ಹೆಸರನ್ನಿಟ್ಟರು. ಪೈರು ಇವಕ್ಕೆ ಸಕ್ಕರೆಯನ್ನು ಕೊಡುವುದು. ಇವು ಬೇರಿಗೆ ಎಟುಕದ ದೂರದಿಂದ ರಂಜಕವನ್ನೂ ಸತುವನ್ನೂ ತಂದು ಪೈರಿಗೆ ಕೊಡುವುವು. ರಾಗಿ, ಜೋಳ, ತೊಗರಿ, ಕಡಲೆ, ಅಡಿಕೆ, ಕಾಫಿ ಇವೆಲ್ಲಕ್ಕೂ ಈ ಸಂಬಂಧವುಂಟು. ಸಾಸಿವೆ ಮತ್ತು ಎಲೆಕೋಸಿನ ಜಾತಿಗೆ ಮಾತ್ರ ಇಲ್ಲ. ನಮ್ಮ ದೇಶದಲ್ಲಿ ಈ ವಿಷಯದ ಸಂಶೋಧನೆಯನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರಾಗಿದ್ದ ಡಿ. ಜೆ. ಭಾಗ್ಯರಾಜ್ ಅವರ ಹೆಸರು ಮುಖ್ಯವಾದುದು.

ಬೂಷ್ಟು ಎಂದೊಡನೆ ರೈತನಿಗೆ ಜೋಳದ ಕಾಡಿಗೆಯೂ ಭತ್ತದ ಬೆಂಕಿರೋಗವೂ ನೆನಪಿಗೆ ಬರುವುದು ಸಹಜ. ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಸಾಹೇಬರು ಅಡಿಕೆಯ ಕೊಳೆರೋಗವನ್ನು ಕುರಿತು ೧೯೧೦ ರಲ್ಲಿ ಬರೆದ ಕಾಲದಿಂದ ಮಲೆನಾಡಿನವರಿಗೆ ಬೋರ್ಡೋ ದ್ರಾವಣವು ಪರಿಚಿತವಾಗಿದೆ. ಆ ಕೊಳೆರೋಗದ ಜೀವಿಯನ್ನು ಈಗಿನ ಶಾಸ್ತ್ರಜ್ಞರು ನಿಜವಾದ ಶಿಲೀಂಧ್ರಗಳಿಂದ ಬೇರೆಯಾದ ಗುಂಪಿಗೆ ಸೇರಿಸಿರುವರು. ಅದು ಹೇಗಾದರೂ ಇರಲಿ. ಮಣ್ಣಿನ ಶಿಲೀಂಧ್ರಗಳಲ್ಲಿ ಪೈರನ್ನು ಕೆಡಿಸುವುವು ಕೆಲವೇ. ಉಳಿದುವೆಲ್ಲಾ ಸಂಬಳವಿಲ್ಲದ ಆಳುಗಳಂತೆ ದುಡಿಯುವುವು ಎಂಬುದನ್ನು ಮರೆಯಬಾರದು.

೨. ಪ್ರಮಾಣವು ಏನನ್ನು ಸೂಚಿಸುವುದು

ಕಾಡಿನ ನೆಲದಲ್ಲಿ ತರಗೆಲೆಯ ಹೊದಿಕೆಯನ್ನು ಸರಿಸಿ ನೋಡಿದರೆ ಬಿಳಿಯ ನೂಲುಗಳು ಬರಿಯ ಕಣ್ಣಿಗೇ ಕಾಣುವುವು. ಅಲ್ಲಿ ಶಿಲೀಂಧ್ರಗಳದೇ ಮೇಲುಗೈ. ಹುಲ್ಲುಗಾವಲಿನಲ್ಲಿ ಎರಡೂ ಗುಂಪುಗಳು ಹೆಚ್ಚು ಕಡಮೆ ಸಮತೂಕಕ್ಕೆ ಹತ್ತಿರವಾಗಿರುವುವು. ವರ್ಷವರ್ಷವೂ ಹಲವು ಸಾಲು ಉತ್ತು, ಪೈರನ್ನು ಬುಡಸಮೇತ ಸಾಗಿಸಿ, ಬೇಸಗೆಯಲ್ಲಿ ಬರಿದಾಗಿ ಬಿಡುವ ಹೊಲದಲ್ಲಿ ಬ್ಯಾಕ್ಟೀರಿಯಗಳ ಕಡೆಗೆ ತಕ್ಕಡಿಯು ವಾಲುವುದು. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ನೇಗಿಲು, ವಿಶೇಷವಾಗಿ ಯಂತ್ರದಿಂದ ಎಳೆಯುವ ರೋಟವೇಟರು, ಶಿಲೀಂಧ್ರದ ನೂಲುಗಳನ್ನು ಕಡಿದುಹಾಕುವುದು. ಬ್ಯಾಕ್ಟೀರಿಯಗಳು ಬಿಡಿಬಿಡಿಯಾದ ಜೀವಿಗಳಾದುದರಿಂದ ಅವಕ್ಕೆ ಉಳುಮೆಯಿಂದ ಅಷ್ಟು ಹಾನಿಯಿಲ್ಲ. ಮಣ್ಣಿಗೆ ಕೂಳೆಕಡ್ಡಿಗಳು ಸೇರದಿದ್ದರೆ ಶಿಲೀಂಧ್ರಗಳಿಗೆ ಆಹಾರವೇ ಇಲ್ಲ. ರಂಜಕದ ಗೊಬ್ಬರವನ್ನು ಅವಶ್ಯಕತೆಗಿಂತ ಹೆಚ್ಚಾಗಿ ಹಾಕಿದಲ್ಲಿ ಪೈರಿಗೆ ಮೈಕೊರೈಜದ ನೆರವು ಬೇಡವಾಗಿ ಆ ಸಂಬಂಧವು ಕ್ಷೀಣಿಸುವುದು.

ಆದುದರಿಂದ ಒಂದೇ ಊರಿನಲ್ಲಿ, ಒಂದೇ ಜಾತಿಯ ಮಣ್ಣಿನಲ್ಲಿ, ಒಂದೇ ಪೈರನ್ನಿಡುವ ಎರಡು ಹೊಲಗಳನ್ನು ಒಂದೇ ಕಾಲದಲ್ಲಿ ಪರೀಕ್ಷಿಸಿ, ಒಂದರಲ್ಲಿ ಶಿಲೀಂಧ್ರಗಳು ಬಹಳ ಕಡಮೆಯಾಗಿವೆಯೆಂದು ಕಂಡರೆ, ಆ ಹೊಲಕ್ಕೆ ಕಸಕಡ್ಡಿ ಸೇರುತ್ತಿಲ್ಲವೆಂದೂ, ಉಳುಮೆಯು ಮಿತಿಮೀರಿದೆಯೆಂದೂ, ನೆಲವು ಬಹುಕಾಲ ಬರಿದಾಗಿರುವುದೆಂದೂ ಊಹಿಸುವುದಕ್ಕೆ ಆಧಾರವುಂಟು. ಇಷ್ಟರಮಟ್ಟಿಗೆ ಪ್ರಮಾಣವು ಸತ್ಯವಾದ ಸಾಕ್ಷಿ.

೩. ಪ್ರಮಾಣವು ತಪ್ಪುದಾರಿ ತೋರಿಸುವ ಸಂದರ್ಭಗಳು

ಈ ಸಾಕ್ಷಿಯನ್ನು ಎಲ್ಲ ಭೂಮಿಗಳಿಗೂ ಒಂದೇ ತೂಕದ ಕಲ್ಲಾಗಿ ಉಪಯೋಗಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಮಣ್ಣಿನ ಹುಳಿ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಎಂಬಲ್ಲಿ ೧೮೪೩ ರಿಂದ ನಡೆದುಬಂದಿರುವ ಪ್ರಸಿದ್ಧವಾದ ವ್ಯವಸಾಯ ಸಂಶೋಧನಾಲಯವೊಂದಿದೆ. ಅಲ್ಲಿನ ಹೂಸ್‌ಫೀಲ್ಡ್ ಎಂಬ ಹೊಲದಲ್ಲಿ ಬಹಳ ಹಿಂದೆ ಸುಣ್ಣವನ್ನು ಒಂದು ಕಡೆ ಹೆಚ್ಚಾಗಿಯೂ ಇನ್ನೊಂದು ಕಡೆ ಕಡಮೆಯಾಗಿಯೂ ಹಾಕಿದುದರಿಂದ, ಒಂದೇ ಪಟ್ಟೆಯ ಉದ್ದಕ್ಕೂ ಮಣ್ಣಿನ ಪಿ.ಎಚ್. ಮೌಲ್ಯವು ಸುಮಾರು ೮.೩ ರಿಂದ ೪ ರವರೆಗೆ ಕ್ರಮವಾಗಿ ಇಳಿಯುವುದು. ಮಣ್ಣೂ ಒಂದೇ, ಮಳೆಯೂ ಒಂದೇ, ಬಾರ್ಲಿ ಪೈರೂ ಒಂದೇ. ರೌಸ್ಕ್ ಮತ್ತು ಅವರ ಜೊತೆಗಾರರು ಇಲ್ಲಿ ಮಾಡಿದ ಪರೀಕ್ಷೆಯ ಫಲಿತಾಂಶವು ೨೦೦೯ ರಲ್ಲಿ ಪ್ರಕಟವಾಯಿತು. ಪಿ.ಎಚ್. ೮.೩ ರಿಂದ ೪.೫ ಕ್ಕೆ ಇಳಿಯುವಷ್ಟರಲ್ಲಿ ಬ್ಯಾಕ್ಟೀರಿಯಗಳ ಬೆಳವಣಿಗೆಯು ಸುಮಾರು ಐದರಲ್ಲೊಂದು ಪಾಲಿಗೆ ಕುಗ್ಗಿತು. ಶಿಲೀಂಧ್ರಗಳ ಬೆಳವಣಿಗೆಯು ಸುಮಾರು ಐದರಷ್ಟು ಹೆಚ್ಚಿತು. ಎಂದರೆ ಒಂದಕ್ಕೊಂದರ ಪ್ರಮಾಣವು ಸುಮಾರು ಮೂವತ್ತರಷ್ಟು ಬದಲಾಯಿತು. ಪ್ರಮಾಣವೊಂದನ್ನೇ ನೋಡುವವನು ಈ ಹುಳಿಯಾದ ಕೊನೆಯೇ ಉತ್ತಮವಾದ ಭೂಮಿಯೆಂದು ಹೇಳಬೇಕಾಗುವುದು. ಆದರೆ ಅತ್ಯಂತ ಹುಳಿಯಾದ ಆ ಅಂಚಿನಲ್ಲಿ ಬಾರ್ಲಿಯೇ ಏಳುವುದಿಲ್ಲ. ಈ ಒಂದು ಪ್ರಯೋಗವನ್ನು ಜ್ಞಾಪಕದಲ್ಲಿಟ್ಟುಕೊಂಡರೆ ಅನೇಕ ಮೋಸಗಳಿಂದ ಪಾರಾಗಬಹುದು.

ನಮ್ಮ ರಾಜ್ಯಕ್ಕೆ ಇದನ್ನು ಅನ್ವಯಿಸಿ ನೋಡೋಣ. ವಿಜಯಪುರ, ರಾಯಚೂರುಗಳ ಎರೆ ಭೂಮಿಯು ಸುಣ್ಣದ ಅಂಶವುಳ್ಳದ್ದು, ಅದರ ಪಿ.ಎಚ್. ಸಾಮಾನ್ಯವಾಗಿ ೮ ಕ್ಕೆ ಮೇಲೆ. ತೀರ್ಥಹಳ್ಳಿ, ಮಡಿಕೇರಿಗಳ ಭಾರಿ ಮಳೆಯ ಸೀಮೆಯ ಮಣ್ಣು ಹುಳಿಯಾದುದು. ಎರೆಯಲ್ಲಿ ಬ್ಯಾಕ್ಟೀರಿಯಗಳ ಕಡೆಗೂ, ಮಲೆನಾಡಿನಲ್ಲಿ ಶಿಲೀಂಧ್ರಗಳ ಕಡೆಗೂ ಒಲವಿರುವುದು ಅವುಗಳ ಸ್ವಭಾವ. ಒಂದಕ್ಕೆ ಇನ್ನೊಂದರ ಅಂಕಿಯನ್ನು ಗುರಿಯಾಗಿ ಹೇಳುವುದು, ಎತ್ತಿನ ಹಲ್ಲನ್ನು ನೋಡಿ ಕುದುರೆಯ ವಯಸ್ಸನ್ನು ಹೇಳಿದಂತಾಗುವುದು.

ಎರಡನೆಯದು ಪೈರಿನ ರೀತಿ. ಭತ್ತದ ಗದ್ದೆಯಲ್ಲಿ ನೀರು ನಿಂತು ಮಣ್ಣಿನೊಳಗೆ ಗಾಳಿಯು ಇಲ್ಲದಂತಾಗುವುದು. ಶಿಲೀಂಧ್ರಗಳಲ್ಲಿ ಬಹುಪಾಲು ಗಾಳಿಯಿಲ್ಲದೆ ಬಾಳಲಾರವು. ಬ್ಯಾಕ್ಟೀರಿಯಗಳಲ್ಲಿ ಅನೇಕ ಜಾತಿಗಳು ಬಾಳಬಲ್ಲುವು. ಆದುದರಿಂದ ಕಾವೇರಿ, ತುಂಗಭದ್ರಾ ನಾಲೆಗಳ ಕೆಳಗಿನ ಗದ್ದೆಗಳಲ್ಲಿ ಬ್ಯಾಕ್ಟೀರಿಯಗಳೇ ಮೇಲಾಗಿರುವುದು ರೋಗವಲ್ಲ, ಗದ್ದೆಯ ಧರ್ಮ. ಹಾಗೆಯೇ ಕಾಫಿ ಮತ್ತು ಅಡಿಕೆಯ ತೋಟಗಳಲ್ಲಿ ಸೊಪ್ಪು, ತರಗು ಬೀಳುತ್ತಿರುವುದರಿಂದಲೂ, ಅಗೆತವು ಕಡಮೆಯಾದುದರಿಂದಲೂ ಶಿಲೀಂಧ್ರಗಳು ಹೆಚ್ಚಾಗಿರುವುದು ಸಹಜ. ತರಕಾರಿಯ ಮಡಿಗೂ ಕಾಡಿಗೂ ಒಂದೇ ಪ್ರಮಾಣವಿರಬೇಕೆಂದು ಹೇಳುವವರು ಯಾವ ಪೈರನ್ನು ಬೆಳೆಯಬೇಕೆಂಬುದನ್ನು ಮರೆತಂತೆ ಕಾಣುವುದು.

ಮೂರನೆಯದು ಪರೀಕ್ಷೆಯ ಕ್ರಮ. ಅಗರದ ತಟ್ಟೆಯಲ್ಲಿ ಬೆಳೆಸಿ ಎಣಿಸುವುದೊಂದು ರೀತಿ. ಆದರೆ ಮಣ್ಣಿನ ಬ್ಯಾಕ್ಟೀರಿಯಗಳಲ್ಲಿ ತಟ್ಟೆಯ ಮೇಲೆ ಬೆಳೆಯುವುವು ಅತ್ಯಲ್ಪ. ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆಯುವುದು ಇನ್ನೊಂದು. ಅಲ್ಲಿ ಸತ್ತ ನೂಲಿಗೂ ಬದುಕಿರುವ ನೂಲಿಗೂ ಭೇದ ತಿಳಿಯುವುದು ಕಷ್ಟ. ೧೯೭೫ ರಲ್ಲಿ ಆಂಡರ್ಸನ್ ಮತ್ತು ಡೋಮ್ಷ್ ಎಂಬುವರು, ಸ್ಟ್ರೆಪ್ಟೊಮೈಸಿನ್ನಿನಿಂದ ಬ್ಯಾಕ್ಟೀರಿಯಗಳನ್ನೂ, ಬೇರೊಂದು ಔಷಧದಿಂದ ಶಿಲೀಂಧ್ರಗಳನ್ನೂ ತಡೆದು, ಉಳಿದುವುಗಳ ಉಸಿರಾಟವನ್ನು ಅಳೆಯುವ ಕ್ರಮವನ್ನು ವಿವರಿಸಿದರು. ಈಚೆಗೆ ಕೋಶದ ಕೊಬ್ಬಿನ ಅಂಶಗಳಿಂದಲೂ, ಡಿ.ಎನ್.ಎ. ಯಿಂದಲೂ ಲೆಕ್ಕಹಾಕುವರು. ಈ ಕ್ರಮಗಳೆಲ್ಲವೂ ಒಂದೇ ಮಣ್ಣಿಗೆ ಒಂದೇ ಉತ್ತರವನ್ನು ಕೊಡುವುದಿಲ್ಲವೆಂಬುದನ್ನು ಸ್ಟ್ರಿಕ್‌ಲ್ಯಾಂಡ್ ಮತ್ತು ರೌಸ್ಕ್ ಅವರು ೨೦೧೦ ರಲ್ಲಿ ಬರೆದ ವಿಮರ್ಶೆಯಲ್ಲಿ ತೋರಿಸಿರುವರು. ಇದರ ಮೇಲೆ, ಮಳೆ ಬಿದ್ದ ಮೂರನೆಯ ದಿನ ತೆಗೆದ ಮಣ್ಣಿಗೂ, ಬೇಸಗೆಯಲ್ಲಿ ತೆಗೆದ ಮಣ್ಣಿಗೂ, ಗೊಬ್ಬರ ಹರಡಿದ ವಾರದಲ್ಲಿ ತೆಗೆದ ಮಣ್ಣಿಗೂ ಬೇರೆ ಬೇರೆ ಅಂಕಿಗಳು ಬರುವುವು. ಕ್ರಮವನ್ನೂ ಕಾಲವನ್ನೂ ಹೇಳದ ಒಂದು ಅಂಕಿಗೆ ಬೆಲೆಯಿಲ್ಲ.

ಪ್ರಮಾಣವೆಂಬುದು ಒಂದನ್ನು ಇನ್ನೊಂದರಿಂದ ಭಾಗಿಸಿದ ಲೆಕ್ಕವೆಂಬುದನ್ನೂ ಗಮನಿಸಬೇಕು. ಎರಡೂ ಅರ್ಧಕ್ಕೆ ಇಳಿದರೂ ಪ್ರಮಾಣವು ಇದ್ದಂತೆಯೇ ಇರುವುದು. ಕಣಜದಲ್ಲಿ ಎಷ್ಟು ಖಂಡುಗ ಧಾನ್ಯವಿದೆಯೆಂದು ನೋಡದೆ, ರಾಗಿಗೂ ಜೋಳಕ್ಕೂ ಇರುವ ಪ್ರಮಾಣವನ್ನು ಮಾತ್ರ ಕೇಳಿ ತೃಪ್ತನಾಗುವ ಯಜಮಾನನುಂಟೇ?

೪. ಪುಡಿ ಮತ್ತು ದ್ರಾವಣಗಳ ವಿಷಯ

ಇನ್ನು ಪ್ರಮಾಣವನ್ನು ಸರಿಪಡಿಸುವುದಾಗಿ ಹೇಳುವ ಸರಕುಗಳನ್ನು ಲೆಕ್ಕದಿಂದಲೇ ಪರೀಕ್ಷಿಸೋಣ. ಒಂದು ಎಕರೆಯ ಮೇಲ್ಮಣ್ಣು, ನೇಗಿಲು ಇಳಿಯುವ ಆಳಕ್ಕೆ, ಸುಮಾರು ೯೦೦ ಟನ್ ತೂಗುವುದು. ಒಂದು ಗ್ರಾಮಿಗೆ ಹತ್ತು ಕೋಟಿ ಬ್ಯಾಕ್ಟೀರಿಯಗಳೆಂದು ಕಡಮೆಯಾಗಿಯೇ ಹಿಡಿದರೂ, ಆ ಮಣ್ಣಿನಲ್ಲಿ ೯೦೦ ಕೋಟಿ ಕೋಟಿ ಜೀವಿಗಳು ಆಗಲೇ ವಾಸವಾಗಿವೆ. ೧೯೮೫ ರ ರಸಗೊಬ್ಬರ ನಿಯಂತ್ರಣ ಆಜ್ಞೆಗೆ ೨೦೦೬ ರಲ್ಲಿ ಜೈವಿಕ ಗೊಬ್ಬರಗಳನ್ನು ಸೇರಿಸಿದಾಗ, ರೈಜೋಬಿಯಂ ಮೊದಲಾದ ಬ್ಯಾಕ್ಟೀರಿಯಗಳ ದ್ರಾವಣದಲ್ಲಿ ಒಂದು ಮಿಲಿಲೀಟರಿಗೆ ಹತ್ತು ಕೋಟಿ, ಪುಡಿಯಲ್ಲಿ ಒಂದು ಗ್ರಾಮಿಗೆ ಐದು ಕೋಟಿ ಜೀವಂತ ಕೋಶಗಳಿಗೆ ಕಡಮೆಯಿರಬಾರದೆಂದು ಗೊತ್ತುಮಾಡಲಾಯಿತು. ಈ ನಿಯಮಕ್ಕೆ ಸರಿಯಾಗಿರುವ ಒಂದು ಲೀಟರು ದ್ರಾವಣವನ್ನು ಒಂದು ಎಕರೆಗೆ ಚೆಲ್ಲಿದರೆ, ಹೊಸದಾಗಿ ಬಂದುದು ಹತ್ತು ಸಾವಿರ ಕೋಟಿ. ಅಂದರೆ ಹಳಬರು ಒಂಬತ್ತು ಲಕ್ಷವಿರುವಲ್ಲಿಗೆ ಹೊಸಬನು ಒಬ್ಬ. ಊಟವಿಲ್ಲದ ಊರಿಗೆ ನೆಂಟನನ್ನು ಕಳುಹಿಸಿದರೆ ಅವನೂ ಉಪವಾಸ ಬೀಳುವನೇ ಹೊರತು ಊರು ಉದ್ಧಾರವಾಗುವುದಿಲ್ಲ.

ಹೀಗೆಂದು ಎಲ್ಲ ಜೈವಿಕ ಗೊಬ್ಬರಗಳನ್ನೂ ನಾನು ನಿಂದಿಸತಕ್ಕವನಲ್ಲ. ತಕ್ಕ ಜಾತಿಯ ರೈಜೋಬಿಯವನ್ನು ದ್ವಿದಳ ಧಾನ್ಯದ ಬೀಜಕ್ಕೆ ಹಚ್ಚಿ ಬಿತ್ತಿದರೆ ಜೀವಿಗಳು ಬೇರಿನ ಬಾಗಿಲಿನಲ್ಲಿಯೇ ಇಳಿಯುವುದರಿಂದ ಕೆಲಸ ಮಾಡುವುವು. ಆ ಪೈರನ್ನು ಮೊದಲಬಾರಿಗೆ ಇಡುವ ಭೂಮಿಯಲ್ಲಿ ವಿಶೇಷವಾಗಿ ಪ್ರಯೋಜನವುಂಟು. ನರ್ಸರಿಯಲ್ಲಿ ಸಸಿಗಳ ಬೇರಿಗೆ ಮೈಕೊರೈಜವನ್ನು ಕೊಡುವುದೂ, ಟ್ರೈಕೊಡರ್ಮವನ್ನು ಹದವಾದ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಬೇರುಕೊಳೆಯುವ ರೋಗಕ್ಕೆ ಉಪಯೋಗಿಸುವುದೂ ವಿಹಿತವಾದ ಕ್ರಮಗಳು. ಇವುಗಳಲ್ಲಿ ಯಾವ ಜೀವಿ, ಯಾವ ಕೆಲಸಕ್ಕೆ, ಎಷ್ಟು ಎಂಬುದು ನಿಶ್ಚಯವಾಗಿರುವುದು. ‘ಶಿಲೀಂಧ್ರದ ಪ್ರಮಾಣವನ್ನು ಹೆಚ್ಚಿಸುವುದು’ ಎಂಬ ಒಂದೇ ವಾಕ್ಯವುಳ್ಳ ಸೀಸೆಯಲ್ಲಿ ಇವುಗಳಲ್ಲಿ ಯಾವುದೂ ನಿಶ್ಚಯವಿಲ್ಲ. ಕೊಳ್ಳುವವರು ಜೀವಿಯ ಹೆಸರು, ಕೋಶಗಳ ಸಂಖ್ಯೆ, ತಯಾರಾದ ತಾರೀಖು, ವಾಯಿದೆ ಇವು ನಾಲ್ಕನ್ನೂ ಚೀಟಿಯಲ್ಲಿ ನೋಡದೆ ಹಣ ಕೊಡಕೂಡದು. ಬಿಸಿಲಿನಲ್ಲಿಟ್ಟು ಮಾರುವುದನ್ನು ಬಿಟ್ಟಿಯಾಗಿ ಕೊಟ್ಟರೂ ತೆಗೆದುಕೊಳ್ಳಬಾರದು.

೫. ನಿಜವಾದ ಕೊರತೆ ಯಾವುದು

ನಮ್ಮ ಭೂಮಿಯಲ್ಲಿ ಕಡಮೆಯಾಗಿರುವುದು ಜೀವಿಗಳ ಬೀಜವಲ್ಲ, ಅವುಗಳ ಅನ್ನ. ಮಣ್ಣಿನ ಪರೀಕ್ಷೆಯಲ್ಲಿ ಸಾವಯವ ಇಂಗಾಲವು ನೂರಕ್ಕೆ ೦.೫ ಕ್ಕಿಂತ ಕಡಮೆಯಿದ್ದರೆ ಬಡ ಭೂಮಿಯೆಂದೂ, ೦.೭೫ ಕ್ಕೆ ಮೇಲ್ಪಟ್ಟರೆ ಉತ್ತಮವೆಂದೂ ಎಣಿಸುವುದು ವಾಡಿಕೆ. ೦.೫ ಎಂದರೆ ಎಕರೆಯ ಮೇಲ್ಮಣ್ಣಿನಲ್ಲಿ ಸುಮಾರು ೪½ ಟನ್ ಇಂಗಾಲವಾಯಿತು. ಇದೇ ಆ ಕೋಟ್ಯಂತರ ಜೀವಿಗಳ ಕಣಜ. ಇದನ್ನು ತುಂಬುವ ಪದಾರ್ಥಗಳು ಬೇಕಾದಷ್ಟಿದ್ದರೂ ನಾವು ಅವುಗಳನ್ನು ಹೇಗೆ ವ್ಯಯಮಾಡುತ್ತಿರುವೆವೆಂಬುದನ್ನು ನೋಡಿ.

ಒಂದು ಎಕರೆ ಕಬ್ಬನ್ನು ಕಡಿದಾಗ ೩ ರಿಂದ ೪ ಟನ್ ರವದಿಯು ಹೊಲದಲ್ಲಿ ಉಳಿಯುವುದು. ಕೂಳೆಬೆಳೆಗೆ ಅನುಕೂಲವೆಂದು ಅದಕ್ಕೆ ಬೆಂಕಿಯಿಡುವರು. ಯಂತ್ರದಿಂದ ಕಟಾವು ಮಾಡಿದ ಗದ್ದೆಗಳಲ್ಲಿ ಭತ್ತದ ಹುಲ್ಲಿಗೂ ಇದೇ ಗತಿಯಾಗುವುದನ್ನು ಕಾಣುತ್ತೇವೆ. ಬೂದಿಯಲ್ಲಿ ಪೊಟ್ಯಾಷು ಉಳಿಯುವುದು ನಿಜ. ಆದರೆ ಇಂಗಾಲವೂ, ಸಾರಜನಕದ ಬಹುಭಾಗವೂ ಹೊಗೆಯಾಗಿ ಹೋಗುವುವು. ಕೊಟ್ಟಿಗೆ ಗೊಬ್ಬರವನ್ನು ಲೋಡುಗಟ್ಟಲೆ ದೂರದ ತೋಟಗಳಿಗೆ ಮಾರಿ, ಆ ಹಣದಲ್ಲಿ ಯೂರಿಯವನ್ನು ಕೊಳ್ಳುವ ಊರುಗಳೂ ಇವೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ೧೯೮೬ ರಲ್ಲಿ ಆರಂಭವಾದ ರಾಗಿ ಮತ್ತು ಮುಸುಕಿನ ಜೋಳದ ದೀರ್ಘಕಾಲದ ಗೊಬ್ಬರದ ಪ್ರಯೋಗದಲ್ಲಿ, ಸಾರಜನಕದ ಗೊಬ್ಬರವನ್ನು ಮಾತ್ರವೇ ಹಾಕಿದ ತಾಕುಗಳಲ್ಲಿ ಕೆಂಪು ಮಣ್ಣು ಹುಳಿಯಾಗಿ ಇಳುವರಿಯು ಕುಸಿಯಿತು. ಸಮತೋಲವಾದ ರಸಗೊಬ್ಬರದೊಡನೆ ಕೊಟ್ಟಿಗೆ ಗೊಬ್ಬರವನ್ನು ಸೇರಿಸಿದ ತಾಕುಗಳಲ್ಲಿ ಫಸಲು ನಿಂತಿತು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯು ತಿಪ್ಪೆಗೂ ಸಲ್ಲುವಂತಾಗಿದೆ. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಅವರು ನಮ್ಮ ಹಳ್ಳಿಗಳ ಕಸಕಡ್ಡಿಯಿಂದಲೇ ಕಾಂಪೋಸ್ಟ್ ಗೊಬ್ಬರ ಮಾಡುವ ಕ್ರಮವನ್ನು ೧೯೩೧ ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿ ಲೋಕಕ್ಕೆಲ್ಲಾ ತಿಳಿಸಿದರು. ಆ ಕಸವು ನಮ್ಮ ಊರುಗಳಲ್ಲಿ ಇನ್ನೂ ಉರಿಯುತ್ತಲೇ ಇದೆ.

ದನಗಳಿಗೇ ಮೇವಿಲ್ಲದಿರುವಾಗ ಹುಲ್ಲನ್ನು ಭೂಮಿಗೆ ಹಾಕೆಂದು ಹೇಳುವುದು ನ್ಯಾಯವೇ ಎಂದು ಕೇಳಬಹುದು. ಪ್ರಶ್ನೆಯು ಸರಿಯಾದುದು. ರಾಗಿಯ ಹುಲ್ಲೂ ಜೋಳದ ಸೊಪ್ಪೆಯೂ ದನಕ್ಕೇ ಸಲ್ಲತಕ್ಕವು. ಅವು ಸಗಣಿಯಾಗಿ ಭೂಮಿಗೆ ಹಿಂದಿರುಗಿದರೆ ಸಾಕು. ದನ ಮುಟ್ಟದ ರವದಿ, ತೊಗರಿಕಡ್ಡಿ, ಸೂರ್ಯಕಾಂತಿಯ ದಂಟು, ಅಡಿಕೆಯ ಸಿಪ್ಪೆ, ತೆಂಗಿನ ಗರಿ ಮತ್ತು ನಾರಿನ ಪುಡಿ, ಬದುವಿನ ಕಳೆ—ಇವುಗಳ ವಿಷಯವನ್ನೇ ನಾನು ಹೇಳುತ್ತಿರುವುದು. ಹತ್ತಿಯ ಕಡ್ಡಿಯೊಂದಕ್ಕೆ ಮಾತ್ರ ಎಚ್ಚರ ಬೇಕು. ಅದರ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳುವು ಉಳಿದುಕೊಳ್ಳುವುದರಿಂದ ಹೊಲದ ಅಂಚಿನಲ್ಲಿ ಒಟ್ಟದೆ, ಕೂಡಲೇ ಚೂರುಮಾಡಿ ಗುಂಡಿಯಲ್ಲಿ ಚೆನ್ನಾಗಿ ಕೊಳೆಸತಕ್ಕದ್ದು.

೬. ಮಾಡತಕ್ಕ ಕೆಲಸಗಳು

(ಅ) ಮೊದಲು ಮಣ್ಣಿನ ಪಿ.ಎಚ್. ಮತ್ತು ಸಾವಯವ ಇಂಗಾಲವನ್ನು ಪರೀಕ್ಷೆ ಮಾಡಿಸಿ. ೨೦೧೫ ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಮಣ್ಣಿನ ಆರೋಗ್ಯ ಚೀಟಿಗೆ ಗೊತ್ತುಮಾಡಿದ ೧೨ ಅಂಶಗಳಲ್ಲಿ ಇವೆರಡೂ ಇವೆ, ಸೂಕ್ಷ್ಮಜೀವಿಗಳ ಲೆಕ್ಕವಿಲ್ಲ. ಆ ಲೆಕ್ಕವನ್ನೂ ಸೇರಿಸಬೇಕೆಂದು ಕೆಲವರ ವಾದ. ಒಂದೇ ಕ್ರಮ, ಒಂದೇ ಕಾಲ, ಒಂದೊಂದು ಜಾತಿಯ ಭೂಮಿಗೂ ಪ್ರತ್ಯೇಕವಾದ ಮಟ್ಟ ಇವು ನಿಶ್ಚಯವಾಗುವವರೆಗೆ ಸೇರಿಸದಿರುವುದೇ ಲೇಸೆಂದು ನನ್ನ ಮತ. ಅಸ್ಪಷ್ಟವಾದ ಅಂಕಿಯನ್ನು ಸರಕಾರದ ಮುದ್ರೆಯೊಡನೆ ಕೊಟ್ಟರೆ ಅದು ಮಾರಾಟಗಾರರಿಗೆ ಉಪಯೋಗವಾಗುವಷ್ಟು ರೈತರಿಗೆ ಆಗಲಾರದು.

(ಆ) ಹುಳಿಯಾದ ಭೂಮಿಗೆ ಪರೀಕ್ಷೆಯ ಪ್ರಕಾರ ಸುಣ್ಣವನ್ನು ಹಾಕಿ. ಇದರಿಂದ ಶಿಲೀಂಧ್ರಗಳ ಪ್ರಮಾಣವು ಇಳಿದರೂ ಇಳಿಯಲಿ, ಪೈರು ಮೇಲಾಗುವುದು.

(ಇ) ಉಳುಮೆಯನ್ನು ಅಗತ್ಯವಿರುವಷ್ಟಕ್ಕೆ ಮಿತಗೊಳಿಸಿ. ಹದ ತಪ್ಪಿದ ಮಣ್ಣಿನಲ್ಲಿ ರೋಟವೇಟರನ್ನು ಓಡಿಸಿ ಹಿಟ್ಟುಮಾಡುವುದು ಹೊಲದ ಅಲಂಕಾರವೇ ಹೊರತು ಬೇಸಾಯವಲ್ಲ.

(ಈ) ಕಸಕಡ್ಡಿಯನ್ನು ಸುಡದೆ ಸಾಲುಗಳ ನಡುವೆ ಹೊದಿಕೆಯಾಗಿ ಹಾಸಿ. ಮಣ್ಣಿನೊಳಕ್ಕೆ ಸೇರಿಸುವುದಾದರೆ ಬಿತ್ತನೆಗೆ ಕೆಲ ವಾರಗಳ ಮುಂಚೆ, ಸಗಣಿಯ ಬಗ್ಗಡದೊಡನೆ ಸೇರಿಸಿ. ಬಿತ್ತುವಾಗ ಸೇರಿಸಿದರೆ ಅದನ್ನು ಕೊಳೆಸುವ ಜೀವಿಗಳು ಪೈರಿನ ಸಾರಜನಕವನ್ನೇ ಎಳೆದುಕೊಂಡು ಪೈರು ಹಳದಿಯಾಗುವುದು.

(ಉ) ಹಸುರೆಲೆಯನ್ನೂ ಒಣಕಸವನ್ನೂ ಕೂಡಿಸಿ ಕೊಡಿ. ಒಂದು ಬ್ಯಾಕ್ಟೀರಿಯಗಳ ಪಾಲು, ಇನ್ನೊಂದು ಶಿಲೀಂಧ್ರಗಳ ಪಾಲು. ಎರಡೂ ಉಂಡರೆ ಪ್ರಮಾಣವು ಆ ಭೂಮಿಗೆ ತಕ್ಕಂತೆ ತಾನಾಗಿ ನಿಲ್ಲುವುದು.

(ಊ) ರಾಗಿಯೊಡನೆ ಅವರೆ, ತೊಗರಿಯ ಅಕ್ಕಡಿ ಸಾಲುಗಳನ್ನು ಬಿಡಬೇಡಿ. ಜೀವಂತವಾದ ಬೇರು ಎಷ್ಟು ತಿಂಗಳು ನೆಲದಲ್ಲಿರುವುದೋ ಅಷ್ಟು ತಿಂಗಳು ಮೈಕೊರೈಜಕ್ಕೆ ಮನೆಯಿರುವುದು.

(ಋ) ಬೋರ್ಡೋ ದ್ರಾವಣವನ್ನು ಕೊಳೆರೋಗಕ್ಕೆ ನಿಲ್ಲಿಸಬೇಡಿ. ಆದರೆ ಅದರ ತಾಮ್ರವು ಮಣ್ಣಿನಲ್ಲಿ ವರ್ಷವರ್ಷಕ್ಕೂ ಸೇರುತ್ತಾ ಹೋಗುವುದೆಂಬುದನ್ನು ತಿಳಿದು, ಹೇಳಿದ ಪ್ರಮಾಣವನ್ನೂ ಸಾರಿಯನ್ನೂ ಮೀರಬೇಡಿ.

ಫಲವನ್ನು ಅರಿಯಲು ಪ್ರಯೋಗಶಾಲೆಯೇ ಬೇಕಿಲ್ಲ. ಹೊಲದ ಒಣಗಿದ ಹೆಂಟೆಯೊಂದನ್ನೂ, ಬದುವಿನ ಹುಲ್ಲಿನ ಬುಡದ ಹೆಂಟೆಯೊಂದನ್ನೂ ಎರಡು ಲೋಟ ನೀರಿನಲ್ಲಿ ಇಳಿಬಿಡಿ. ಬೇಗ ಕರಗಿ ಕೆಸರಾಗುವ ಹೆಂಟೆಯಲ್ಲಿ ಹೆಣೆಯುವ ನೂಲೂ ಅಂಟೂ ಕಡಮೆ. ತೇವವಿರುವ ಕಾಲದಲ್ಲಿ ಬಿಳಿಯ ಹತ್ತಿಯ ಬಟ್ಟೆಯ ಎರಡು ತುಂಡುಗಳನ್ನು ಒಂದು ಗೇಣಿಗಿಂತ ಕಡಮೆ ಆಳದಲ್ಲಿ, ಒಂದನ್ನು ಹೊಲದಲ್ಲಿಯೂ ಒಂದನ್ನು ತೋಪಿನಲ್ಲಿಯೂ ಹೂತು, ಎರಡು ತಿಂಗಳಾದ ಮೇಲೆ ತೆಗೆದು ಹೋಲಿಸಿ. ಹೆಚ್ಚು ಜೀರ್ಣವಾದ ಕಡೆ ಜೀವಿಗಳ ಕೆಲಸವು ಚುರುಕಾಗಿದೆಯೆಂದು ತಿಳಿಯಿರಿ. ಪ್ರತಿ ವರ್ಷವೂ ಅದೇ ತಿಂಗಳಲ್ಲಿ, ಅದೇ ಜಾಗದಲ್ಲಿ ಮಾಡಿ ಬರೆದಿಟ್ಟರೆ, ಕೊಂಡ ಅಂಕಿಗಿಂತ ಇದು ಹೆಚ್ಚು ಪ್ರಯೋಜನಕಾರಿ.

೭. ಯಜಮಾನರ ಹೊಣೆ

ಕೊನೆಯದಾಗಿ ಒಂದು ಮಾತು. ವರ್ಷಕ್ಕೊಬ್ಬರಂತೆ ಸಾಗುವಳಿಯ ಕೈ ಬದಲಾಗುವ ಹೊಲಗಳು ಊರಿನಲ್ಲಿ ಯಾವುವೆಂಬುದು ಮುಖ್ಯಸ್ಥರಿಗೆ ಗೊತ್ತಿರುವುದೇ. ಇದರ ಕಾನೂನಿನ ವಿಚಾರವು ಈ ಲೇಖನಕ್ಕೆ ಸೇರಿದುದಲ್ಲ. ಆದರೆ ಮುಂದಿನ ವರ್ಷ ತನ್ನ ಕೈಯಲ್ಲಿರದ ಭೂಮಿಗೆ ಯಾವನೂ ಹತ್ತು ಗಾಡಿ ಗೊಬ್ಬರವನ್ನು ಹೊಡೆಯಲಾರನು. ಹೊಡೆದ ಗೊಬ್ಬರವು ಮೂರು ನಾಲ್ಕು ವರ್ಷ ಫಲ ಕೊಡತಕ್ಕದ್ದು. ಅವನ ಅವಕಾಶವೋ ಒಂದೇ ಫಸಲು. ಅವನು ಯೂರಿಯ ಹಾಕಿ, ಕೂಳೆ ಸುಟ್ಟು, ಹೊಲ ಬಿಡುವನು. ಅದಕ್ಕೆ ಅವನನ್ನು ದೂರಿ ಪ್ರಯೋಜನವಿಲ್ಲ. ಅಂಥ ಹೊಲದಲ್ಲಿ ಮೊದಲು ಅಳಿಯುವುದು ಆ ಸಣ್ಣ ನೂಲುಗಳು, ಆಮೇಲೆ ಮೇಲ್ಮಣ್ಣು, ಕೊನೆಗೆ ಒಡೆಯನ ಆಸ್ತಿಯ ಬೆಲೆ. ಗೊಬ್ಬರದ ಖರ್ಚಿನಲ್ಲಿ ಭೂಮಿಯುಳ್ಳವರೇ ಪಾಲು ಕೊಟ್ಟು, ಕಸ ಸುಡಕೂಡದೆಂದು ಮೊದಲೇ ಮಾತಾಡಿಕೊಂಡರೆ ಈ ನಷ್ಟವು ತಪ್ಪುವುದು. ಗ್ರಾಮಸಭೆಯಲ್ಲಿ ಸುಗ್ಗಿಗೆ ಮುಂಚೆಯೇ ಈ ಮಾತನ್ನೆತ್ತಿ, ರವದಿ ಮತ್ತು ಹುಲ್ಲಿಗೆ ಬೆಂಕಿಯಿಡದಂತೆ ಒಂದು ಕಟ್ಟನ್ನು ಮಾಡಿಕೊಂಡು, ಚೂರುಮಾಡುವ ಯಂತ್ರವೊಂದನ್ನು ಊರಿಗೆಲ್ಲಾ ಬಾಡಿಗೆಗೆ ದೊರೆಯುವಂತೆ ಏರ್ಪಡಿಸುವುದು ಮುಖ್ಯಸ್ಥರಿಂದ ಆಗಬಹುದಾದ ಕೆಲಸ. ಮೊದಲನೆಯ ವರ್ಷ ತಮ್ಮ ಹೊಲದಲ್ಲಿಯೇ ಬೆಂಕಿಯಿಡದೆ ತೋರಿಸಿದರೆ ಎರಡನೆಯ ವರ್ಷ ಹೇಳುವ ಅವಶ್ಯಕತೆಯು ಬಹಳ ಮಟ್ಟಿಗೆ ಇರುವುದಿಲ್ಲ.

ಆದಕಾರಣ ಶಿಲೀಂಧ್ರಗಳು ಎಷ್ಟು, ಬ್ಯಾಕ್ಟೀರಿಯಗಳು ಎಷ್ಟು ಎಂದು ಯಾರಾದರೂ ಊರಿಗೆ ಬಂದು ಕೇಳಿದಲ್ಲಿ, ಅವರನ್ನು ಮರ್ಯಾದೆಯಿಂದ ಕುಳ್ಳಿರಿಸಿ, ಯಾವ ಕ್ರಮದಿಂದ ಅಳೆದಿರಿ, ಯಾವ ತಿಂಗಳಲ್ಲಿ ಅಳೆದಿರಿ, ನಮ್ಮ ಮಣ್ಣಿನ ಪಿ.ಎಚ್. ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಉತ್ತರ ಸಿಕ್ಕಿದರೆ ಮಾತನ್ನು ಮುಂದುವರಿಸಬಹುದು. ಸಿಕ್ಕದಿದ್ದರೆ ಆ ಹಣದಲ್ಲಿ ನಾಲ್ಕು ಗಾಡಿ ಗೊಬ್ಬರವನ್ನು ಹೊಲಕ್ಕೆ ಹೊಡೆಸುವುದು ಮೇಲು.